ಸ್ವಂತ ಬದುಕಿನ ಪ್ರಬಂಧ ಬರೆಯುವುದು ಹೇಗೆ: ನೋಟ್‌ಬುಕ್ಕಿನಿಂದ ಕೊನೆಯ ಕರಡಿನವರೆಗೆ

ನಾವು ಏಳೆಂಟು ಜನ ತಿಂಗಳಿಗೆರಡು ಶನಿವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಕಾಫಿ, ಖಾರಾ ಬೂಂದಿ, ಆಮೇಲೆ ಬರೆದು ತಂದದ್ದನ್ನು ಓದುವುದು. ಹೊಸಬರು ತರುವ ಮೊದಲ ಪ್ರಬಂಧ ಹೆಚ್ಚುಕಮ್ಮಿ ಒಂದೇ ತರಹ ಇರುತ್ತದೆ. "ಬಾಲ್ಯ ಎಂದರೆ ಸವಿನೆನಪುಗಳ ಬುತ್ತಿ" ಎಂದು ಶುರು. ನಡುವೆ ಅಜ್ಜಿ, ಮಾವಿನ ಮರ, ಮಳೆ. "ಆ ದಿನಗಳು ಮತ್ತೆ ಬರಲಾರವು" ಎಂದು ಮುಕ್ತಾಯ. ಹೆಸರು ಮುಚ್ಚಿಟ್ಟರೆ ಬರೆದವರು ಯಾರು ಅಂತ ಹೇಳಲಿಕ್ಕಾಗದು. ಪಾಪ, ಬರೆದವರಿಗೂ ಅದು ಗೊತ್ತಾಗಿರುತ್ತದೆ. "ಏನೋ ಹೇಳ್ಬೇಕು ಅಂತಿದ್ದೆ, ಅದು ಬರಲೇ ಇಲ್ಲ" ಎನ್ನುತ್ತಾರೆ.

ಭಾಷೆ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಕ್ರಮ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಶಾಲೆಯಲ್ಲಿ ಅಂಕಕ್ಕಾಗಿ ಕಲಿತದ್ದು ಕೈಯಲ್ಲಿ ಕೂತುಬಿಟ್ಟಿದೆ. ಅಲ್ಲಿ ಏನು ಹೇಳಬೇಕು ಎಂಬುದು ಮೊದಲೇ ಗೊತ್ತಿರಬೇಕು. ನಮ್ಮನ್ನು ನಾವು ಅರ್ಥ ಮಾಡಿಕೊಳ್ಳಲು ಬರೆಯುವಾಗ ಲೆಕ್ಕ ತಿರುಗುಮುರುಗು. ಉಪಸಂಹಾರ ಮೊದಲೇ ಗೊತ್ತಿದ್ದರೆ ಬರೆದು ಏನು ಸಿಗುತ್ತದೆ?

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಪ್ರಬಂಧಕ್ಕೆ ಎರಡು ವಾರ ಇಟ್ಟುಕೊಳ್ಳಿ. ಉದಾಹರಣೆಗೆ ನನ್ನದೇ ಒಂದು ಪ್ರಬಂಧ ಹಿಡಿದುಕೊಂಡಿದ್ದೇನೆ, ಒಂದು ಸ್ಟೀಲ್ ಡಬ್ಬಿಯ ಬಗ್ಗೆ. ಅದು ಎಲ್ಲೆಲ್ಲಿ ಹದಗೆಟ್ಟಿತು ಎಂಬುದನ್ನೂ ಹೇಳುತ್ತೇನೆ.

ಶುರುವಿಗೆ ಮುಂಚೆ: ಏನೇನು ಬೇಕು

200 ಪುಟದ ಗೆರೆ ಹಾಕಿದ ನೋಟ್‌ಬುಕ್, ಸಲೀಸಾಗಿ ಓಡುವ ಪೆನ್ನು, ಫೋನಿನ ಅಲಾರಂ. ಇಷ್ಟೇ. ಉಡುಗೊರೆ ಬಂದ ಚಂದದ ಡೈರಿ ಬೇಡ. ಅದರಲ್ಲಿ ತಪ್ಪು ಬರೆಯಲು ಮನಸ್ಸು ಬರುವುದಿಲ್ಲ, ಇಲ್ಲಿ ತಪ್ಪು ಬರೆಯದೆ ಕೆಲಸ ನಡೆಯುವುದಿಲ್ಲ.

ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ. ಎಡಗಡೆ ಪೂರ್ತಿ ಖಾಲಿ ಇರಲಿ, ಅದು ಆಮೇಲೆ ಬೇಕಾಗುತ್ತದೆ. ಇಂಥ ಬರಹಕ್ಕೆ ಮೊದಲು ಹೆಸರು ಕೊಟ್ಟ ಫ್ರಾನ್ಸಿನ ಮೊಂತೇನ್ ಕೂಡ ತನ್ನ ಪುಸ್ತಕದ 1588ರ ಮುದ್ರಣದ ಅಂಚಿನಲ್ಲಿ 1592ರಲ್ಲಿ ಸಾಯುವವರೆಗೂ ಸೇರಿಸುತ್ತಲೇ ಇದ್ದ. ಹಳೆಯದನ್ನು ಹೊಡೆದುಹಾಕುವುದಕ್ಕಿಂತ ಅದರ ಪಕ್ಕದಲ್ಲಿ ಹೊಸದನ್ನು ಬರೆಯುವುದೇ ಹೆಚ್ಚು.

ಫೋನಿಗೆ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯ ಚೆನ್ನಾಗಿದೆ, ಆದರೆ ಮೊದಲ ಕರಡಿಗೆ ಬೇಡ. ಮಾತಾಡುವಾಗ ನಾವು ಎದುರಿಗೆ ಯಾರೋ ಇದ್ದಾರೆ ಅಂತಲೇ ಮಾತಾಡುತ್ತೇವೆ. ಕಂಪ್ಯೂಟರಿನ ಎಐಗೆ ವಿಷಯ ಕೊಟ್ಟು ಅದರಿಂದಲೇ ಬರೆಸುವುದೂ ಬೇಡ. ಅದು ನಿಮಗಿಂತ ಮೊದಲೇ ಉಪಸಂಹಾರ ಹಾಕಿಕೊಡುತ್ತದೆ.

ಇನ್ನೊಂದು, ನೋಟ್‌ಬುಕ್ ಎಲ್ಲಿಡುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿ. ಬೀರುವಿನ ಲಾಕರ್ ಆದರೂ ಸರಿ, ಆಫೀಸ್ ಬ್ಯಾಗ್ ಆದರೂ ಸರಿ. ಮನೆಯವರು ಓದಿಯಾರು ಎಂಬ ಅಳುಕಿದ್ದರೆ ನೀವು ಬರೆಯುವುದು ಮನೆಯವರಿಗಾಗಿಯೇ ಆಗುತ್ತದೆ.

1. ವಿಷಯ ಬೇಡ, ಕೈಗೆ ಸಿಗುವ ವಸ್ತು ಆರಿಸಿ

"ಅಮ್ಮ", "ನನ್ನ ಊರು", "ಒಂಟಿತನ" ಇವೆಲ್ಲ ವಿಷಯಗಳು. ಇವುಗಳ ಬಗ್ಗೆ ಬರೆಯಲು ಕೂತರೆ ಈಗಾಗಲೇ ಎಲ್ಲರೂ ಹೇಳಿದ ಮಾತೇ ಪೆನ್ನಿಗೆ ಬರುತ್ತದೆ. ಬದಲಿಗೆ ಮನೆಯಲ್ಲಿರುವ ಒಂದು ವಸ್ತು ಹುಡುಕಿ. ಎಸೆಯಲೂ ಆಗದ, ಬಳಸಲೂ ಆಗದ, ನೋಡಿದಾಗ ಸ್ವಲ್ಪ ಇರುಸುಮುರುಸಾಗುವ ವಸ್ತು. ಕೊನೆಯ ಗುಣ ಮುಖ್ಯ. ನೋಡಿದ ಕೂಡಲೇ ಬರೀ ಖುಷಿಯಾಗುವ ವಸ್ತುವಿನಿಂದ ಪ್ರಬಂಧ ಹುಟ್ಟುವುದು ಅಪರೂಪ.

ನನ್ನದು ಸ್ಟೀಲ್ ಡಬ್ಬಿ. ಎರಡು ಕೆಜಿ ಹಿಡಿಯುತ್ತದೆ. ಮುಚ್ಚಳ ಸ್ವಲ್ಪ ಸೊಟ್ಟಗಿದೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಇದೆ. ಅಮ್ಮ ತೀರಿಕೊಂಡ ಮೇಲೆ, ವರ್ಷದ ತಿಥಿ ಮುಗಿಸಿ ಮನೆ ಖಾಲಿ ಮಾಡುವಾಗ ತಂದದ್ದು.

2. ದಿನಕ್ಕೆ 15 ನಿಮಿಷ, ನಾಲ್ಕು ದಿನ, ಓದದೆ

ಅಲಾರಂ ಇಟ್ಟು 15 ನಿಮಿಷ ಕೈ ನಿಲ್ಲಿಸದೆ ಬರೆಯಿರಿ. ಮುಂದೆ ಹೊಳೆಯದಿದ್ದರೆ ಕೊನೆಯ ಪದವನ್ನೇ ಮತ್ತೆ ಮತ್ತೆ ಬರೆಯಿರಿ. ಕಾಗುಣಿತ ತಪ್ಪಿದರೆ ತಪ್ಪಲಿ. ನಾಲ್ಕು ದಿನ ಮುಗಿಯುವವರೆಗೆ ಹಿಂದಿನ ಪುಟ ತಿರುಗಿಸಿ ನೋಡಬೇಡಿ.

ಮೊದಲ ದಿನ ವಸ್ತು ಮತ್ತು ಅದಿದ್ದ ಜಾಗ. ಎರಡನೇ ದಿನ ಸುತ್ತ ಇದ್ದ ಜನ. ಮೂರನೇ ದಿನ ನೀವು ನಿಮ್ಮ ಕೈಯಾರೆ ಏನು ಮಾಡಿದಿರಿ ಅನ್ನುವುದು. ನಾಲ್ಕನೇ ದಿನ, ಮೂರೂ ದಿನ ಯಾವುದನ್ನು ಬರೆಯದೆ ಜಾರಿಕೊಂಡಿರೋ ಅದು. ನಾಲ್ಕನೇ ದಿನ ಕುರ್ಚಿಯಲ್ಲಿ ಕೂರುವುದೇ ಕಷ್ಟ. ಆವತ್ತೇ ಕುಕ್ಕರ್ ಗ್ಯಾಸ್ಕೆಟ್ ಬದಲಿಸಬೇಕು ಅನ್ನಿಸುತ್ತದೆ. ಅಡ್ಡಿಯಿಲ್ಲ, ಬದಲಿಸಿ ಬಂದು ಕೂತುಕೊಳ್ಳಿ.

ಈ 15 ನಿಮಿಷ, 4 ದಿನ ನಾನು ಹುಟ್ಟಿಸಿದ ಲೆಕ್ಕವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಹೀಗೇ ಬರೆಸಿದ್ದರು. ನೋವಿನ ಘಟನೆಯನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರ ಮನಸ್ಸು ಬರೆದ ಕೂಡಲೇ ಇನ್ನಷ್ಟು ಭಾರವಾಗಿತ್ತು. ಮುಂದಿನ ಆರು ತಿಂಗಳಲ್ಲಿ ಅವರು ಡಾಕ್ಟರ ಹತ್ತಿರ ಹೋದದ್ದು ಮಾತ್ರ ಕಡಿಮೆ. ಹಾಗಾಗಿ ಬರೆದು ಎದ್ದಾಗ ಮನಸ್ಸು ಒಂದಿಷ್ಟು ಕದಡಿದರೆ ಗಾಬರಿ ಬೇಡ. ಬರೆದ ತಕ್ಷಣ ಆಫೀಸ್ ಮೀಟಿಂಗ್ ಇಟ್ಟುಕೊಳ್ಳಬೇಡಿ, ಅಷ್ಟೇ.

3. "-ತ್ತಿದ್ದೆವು"ಗಳನ್ನು ಎಣಿಸಿ, ಒಂದು ದಿನಕ್ಕೆ ಇಳಿಯಿರಿ

ಐದನೇ ದಿನ ಕೆಂಪು ಪೆನ್ನು ಹಿಡಿದು ಓದಿ. "ಹೋಗುತ್ತಿದ್ದೆವು", "ಮಾಡುತ್ತಿದ್ದಳು", "ಹೇಳುತ್ತಿದ್ದರು" ಬಂದಲ್ಲೆಲ್ಲ ಗೆರೆ ಎಳೆಯಿರಿ. ಪುಟ ಕೆಂಪಾದರೆ ನೀವಿನ್ನೂ ಯಾವ ದಿನಕ್ಕೂ ಇಳಿದಿಲ್ಲ ಎಂದರ್ಥ. "-ತ್ತಿದ್ದ" ನೂರು ದಿನಗಳನ್ನು ಅರೆದು ಮಾಡಿದ ಚಟ್ನಿ. ಯಾವ ದಿನದ ರುಚಿಯೂ ಅದರಲ್ಲಿ ಉಳಿಯುವುದಿಲ್ಲ.

ನನ್ನ ಮೊದಲ ಕರಡು ಹೀಗಿತ್ತು:

"ಅಮ್ಮನಿಗೆ ಪಾತ್ರೆ ಎಂದರೆ ಪ್ರಾಣ. ಹಬ್ಬ ಬಂದರೆ ಪಾತ್ರೆ ಕೊಳ್ಳುತ್ತಿದ್ದಳು. ಕೊಂಡದ್ದಕ್ಕೆಲ್ಲ ಹೆಸರು ಹಾಕಿಸುತ್ತಿದ್ದಳು."

ತಪ್ಪೇನೂ ಇಲ್ಲ. ಯಾರ ಅಮ್ಮನಿಗಾದರೂ ಹೊಂದುತ್ತದೆ, ಅದೇ ತೊಂದರೆ. ಒಂದೇ ಒಂದು ದಿನ ನೆನಪಿಸಿಕೊಂಡು ಬರೆದಾಗ ಹೀಗಾಯಿತು:

"ಅಮ್ಮ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು ಅಕ್ಕನ ಹೆಸರು ಹೇಳಿದಳು. ಅಂಗಡಿಯ ಹುಡುಗ ಡಬ್ಬಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಿಷನ್ ಒತ್ತಿದ. ಟರ್ ಎಂದು ಹಲ್ಲು ಜುಮ್ಮೆನ್ನುವ ಸದ್ದು. ಒತ್ತಕ್ಷರ ಬರುವಲ್ಲಿ ಕೈ ತಡೆದು, 'ಒತ್ತು ಎಲ್ಲಿ ಬರುತ್ತೆ ಅಮ್ಮಾ?' ಎಂದ. ಅಮ್ಮ ಗಾಜಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. ನಾನು ನನ್ನ ಡಬ್ಬಿ ಯಾವುದು ಅಂತ ಕಾಯುತ್ತ ನಿಂತಿದ್ದೆ."

ಕೊನೆಯ ವಾಕ್ಯ ಬರೆಯಬೇಕು ಅಂತ ನಾನು ಅಂದುಕೊಂಡಿರಲಿಲ್ಲ. ಒಂದು ದಿನಕ್ಕೆ ಇಳಿದರೆ ಇಂಥದ್ದು ತಾನಾಗಿ ಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ನೆನಪಿಲ್ಲದ್ದನ್ನು ಕಟ್ಟಬೇಡಿ. ಸೀರೆಯ ಬಣ್ಣ ನೆನಪಿಲ್ಲದಿದ್ದರೆ "ನೆನಪಿಲ್ಲ" ಎಂದೇ ಬರೆಯಿರಿ. ಸುಮ್ನೆ ಒಂದು ಹಸಿರು ಸೀರೆ ಉಡಿಸಿದರೆ, ಆರು ತಿಂಗಳಲ್ಲಿ ಅದೇ ನಿಮ್ಮ ನೆನಪಾಗಿ ಕೂರುತ್ತದೆ. ಎರಡನೆಯದು ಮಾತಿನ ಬಗ್ಗೆ. ಮನೆಯಲ್ಲಿ ಯಾವ ಮಾತಿತ್ತೋ ಅದನ್ನೇ ಬರೆಯಿರಿ. ಅದು ಧಾರವಾಡದ ಕನ್ನಡ ಇರಬಹುದು, ಕುಂದಾಪುರದ್ದಿರಬಹುದು. ಮನೆಮಾತು ತುಳು, ಕೊಂಕಣಿ, ತೆಲುಗು, ಉರ್ದು ಆಗಿದ್ದರೆ ಆ ಸಾಲನ್ನು ಕನ್ನಡ ಲಿಪಿಯಲ್ಲಿ ಹಾಗೇ ಇಟ್ಟು ನೋಡಿ. ಪುಸ್ತಕದ ಕನ್ನಡದಲ್ಲಿ ಬೈಯುವ ಅಪ್ಪ ಯಾರ ಮನೆಯಲ್ಲೂ ಇಲ್ಲ.

4. ಕ್ರಿಯಾಪದಗಳನ್ನು ಹಿಡಿದು ಕೇಳಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ನನ್ನ ಅನುಭವದಲ್ಲಿ ಅತಿ ಹೆಚ್ಚು ಸಿಗುವುದೂ ಇಲ್ಲೇ. ನಾವು ನಮ್ಮಿಂದಲೇ ಮುಚ್ಚಿಡಲು ಕನ್ನಡದಲ್ಲಿ ಮೂರು ಒಳ್ಳೆಯ ಜಾಗಗಳಿವೆ.

ಮೊದಲನೆಯದು "ಆಯಿತು". ಜಗಳವಾಯಿತು, ತಪ್ಪಾಯಿತು, ಮಾತು ನಿಂತುಹೋಯಿತು. ಮಳೆಯಾದ ಹಾಗೆ ಜಗಳವೂ ಆಗಿಬಿಡುತ್ತದೆ, ಮಾಡಿದವರೇ ಇಲ್ಲ. ಪ್ರತಿ "ಆಯಿತು"ವಿನ ಎದುರು ಎಡಗಡೆ ಪುಟದಲ್ಲಿ ಯಾರು ಮಾಡಿದ್ದು ಎಂದು ಬರೆಯಿರಿ. "ಜಗಳವಾಯಿತು" ಇದ್ದದ್ದು "ನಾನು ಅಣ್ಣನ ಮಕ್ಕಳ ಎದುರಿಗೇ ಕೂಗಾಡಿದೆ" ಎಂದಾಗುತ್ತದೆ.

ಎರಡನೆಯದು "ನಾವು". "ನಾವೆಲ್ಲ ಅತ್ತೆವು" ಎಂದಿದ್ದರೆ, ನೀವು ಅತ್ತಿರಾ? ನಮ್ಮಲ್ಲೊಬ್ಬರು ಈ ಪ್ರಶ್ನೆಗೆ ಬಹಳ ಹೊತ್ತು ಸುಮ್ಮನಿದ್ದು, "ಇಲ್ಲ. ನಾನು ಶಾಮಿಯಾನದವನಿಗೆ ಫೋನ್ ಮಾಡ್ತಿದ್ದೆ" ಎಂದರು. ಅವರ ಪ್ರಬಂಧ ಅಲ್ಲಿಂದ ಶುರುವಾಯಿತು.

ಮೂರನೆಯದು "ಬಿಟ್ಟೆ". ಹೇಳಿಬಿಟ್ಟೆ, ಬಂದುಬಿಟ್ಟೆ, ಕೊಟ್ಟುಬಿಟ್ಟೆ. ಕೈಮೀರಿ ನಡೆದುಹೋಯಿತು ಎಂಬ ಒಂದು ಮಾಫಿ ಅದರೊಳಗೇ ಅಡಗಿದೆ. ನಾನು ಬರೆದದ್ದು: "ಅಮ್ಮನ ನೆನಪಿಗೆ ಒಂದು ಡಬ್ಬಿ ತಂದುಬಿಟ್ಟೆ." "ಬಿಟ್ಟೆ" ತೆಗೆದು "ತಂದೆ" ಅಂತ ಇಟ್ಟೆ. (ಅಪ್ಪ ಅನ್ನೋ ಅರ್ಥ ಬಂದು ನಗು ಬಂತು, ಅದು ಬೇರೆ.) ಹೇಗೆ ತಂದೆ ಎಂದು ಪಕ್ಕದಲ್ಲಿ ಬರೆಯಬೇಕಲ್ಲ. ಬರೆದೆ: "ಹಾಲ್‌ನಲ್ಲಿ ಪಾತ್ರೆ ಹರಡಿಕೊಂಡು ಅಕ್ಕ, ಅತ್ತಿಗೆ ಪಾಲು ಮಾಡುತ್ತಿದ್ದರು. ಅಕ್ಕ ಕಾಫಿ ಮಾಡಲು ಒಳಗೆ ಹೋದಳು. ಅಕ್ಕನ ಹೆಸರಿದ್ದ ಡಬ್ಬಿಯನ್ನು ನಾನು ಹಳೇ ಸೀರೆಯಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಇಟ್ಟೆ."

ಇದಕ್ಕೆ ಕದಿಯುವುದು ಅನ್ನುತ್ತಾರೆ. ಒಂಬತ್ತು ವರ್ಷ ನಾನದನ್ನು "ಅಮ್ಮನ ನೆನಪು" ಅಂದುಕೊಂಡೇ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದೆ.

5. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆಯಿರಿ

ಈಗ ಹೊಸ ಪುಟದ ತುದಿಯಲ್ಲಿ ಒಂದು ಪ್ರಶ್ನೆ. ಅದು ನಿಮ್ಮ ಬಗ್ಗೆ ಇರಬೇಕು, ಉತ್ತರ ನಿಮಗೆ ಗೊತ್ತಿರಬಾರದು. "ಅಮ್ಮ ಯಾಕೆ ಹಾಗಿದ್ದಳು?" ನಡೆಯುವುದಿಲ್ಲ, ಅದು ಅಮ್ಮನ ಪ್ರಶ್ನೆ. "ನಾನು ಕೆಟ್ಟವಳಾ?" ಕೂಡ ನಡೆಯುವುದಿಲ್ಲ. ಅದು ಕೇಳಿದವರು "ಛೇ, ಇಲ್ಲಪ್ಪ" ಅನ್ನಲಿ ಅಂತ ಕೇಳುವುದು.

ನನ್ನ ಪ್ರಶ್ನೆ: ಬೇಕಾದ್ದು ಅಮ್ಮನ ನೆನಪೇ ಆಗಿದ್ದರೆ ಅಮ್ಮನ ಹೆಸರಿದ್ದ ಹತ್ತಾರು ಪಾತ್ರೆ ಅಲ್ಲೇ ಇದ್ದವು. ಅಕ್ಕನ ಹೆಸರಿನದೇ ಯಾಕೆ ಎತ್ತಿಕೊಂಡೆ?

ಉತ್ತರ ಎರಡು ಪುಟ ಬಂತು. ಅಮ್ಮ ಅಕ್ಕನ ಹೆಸರು ಹಾಕಿಸಿದಳು, ಅಣ್ಣನ ಹೆಸರು ಹಾಕಿಸಿದಳು, ನನ್ನ ಹೆಸರಿನ ಒಂದು ಲೋಟವೂ ಆ ಮನೆಯಲ್ಲಿರಲಿಲ್ಲ. ಕೊನೆಯವಳು ಅಂದರೆ ಅಷ್ಟೇ. ಬರೆಯುತ್ತ ಕಣ್ಣಲ್ಲಿ ನೀರು. ಸಿಕ್ಕಿತು, ಇದೇ ನನ್ನ ಪ್ರಬಂಧ ಎಂದುಕೊಂಡೆ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಕಣ್ಣೀರು ಬಂದದ್ದರಿಂದ ಅದು ನಿಜ ಎಂದು ನಂಬುವುದು ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು.

6. ಎದ್ದು ಹೋಗಿ ವಿಚಾರಿಸಿ

ನೋಟ್‌ಬುಕ್ ಮುಚ್ಚಿ. ಬರೆದದ್ದರಲ್ಲಿ ಪರೀಕ್ಷಿಸಲು ಆಗುವಂಥದ್ದು ಏನೇನಿದೆ, ಪಟ್ಟಿ ಮಾಡಿ. ಹಳೇ ಫೋಟೊ, ಮಾರ್ಕ್ಸ್ ಕಾರ್ಡಿನ ತಾರೀಕು, ಮದುವೆ ಕರೆಯೋಲೆ, ಮುಯ್ಯಿ ಬರೆದಿಟ್ಟ ಪುಸ್ತಕ, ಬದುಕಿರುವ ಜನ. ಜನರನ್ನು ಕೇಳುವಾಗ ನಿಮ್ಮ ಉತ್ತರವನ್ನು ಮೊದಲೇ ಅವರ ಬಾಯಿಗೆ ಹಾಕಬೇಡಿ. "ಅಮ್ಮ ನಂಗೆ ಅನ್ಯಾಯ ಮಾಡಿದ್ಲು ಅಲ್ವಾ?" ಅಂದರೆ ಜಗಳವಾಗುತ್ತದೆ, ಇಲ್ಲವೇ ಸಮಾಧಾನದ ಮಾತು ಬರುತ್ತದೆ. ಸಣ್ಣದು ಕೇಳಿ. ಫೋನ್ ರೆಕಾರ್ಡ್ ಮಾಡುವುದಾದರೆ ಹೇಳಿ ಮಾಡಿ.

ನಾನು ಅಕ್ಕನಿಗೆ ಫೋನ್ ಮಾಡಿ, "ಅಮ್ಮ ಯಾರ್ಯಾರ ಹೆಸರು ಹಾಕಿಸಿದ್ಲು ಪಾತ್ರೆ ಮೇಲೆ?" ಎಂದಷ್ಟೇ ಕೇಳಿದೆ.

"ಎಲ್ಲರದ್ದೂ. ನಿಂದು ಮೂರು ಡಬ್ಬಿ ಇತ್ತಲ್ಲೇ. ಹಾಸ್ಟೆಲಿಗೆ ಅವಲಕ್ಕಿ, ಚಟ್ನಿಪುಡಿ ತುಂಬಿ ಕಳಿಸ್ತಿದ್ಲು. ಒಂದೂ ವಾಪಸ್ ಬರ್ಲಿಲ್ಲ. ಅಮ್ಮ ಅದನ್ನ ಎಷ್ಟು ಸಲ ಹೇಳ್ತಿದ್ಲು ಗೊತ್ತಾ?"

ಹಾಸ್ಟೆಲಿನ ಮಂಚದ ಕೆಳಗಿದ್ದ ಡಬ್ಬಿಗಳು ಆಗ ಕಣ್ಣಿಗೆ ಬಂದವು. ಕೊನೆಯ ವರ್ಷ ರೂಮ್ ಖಾಲಿ ಮಾಡುವಾಗ ಭಾರ ಅಂತ ಅಲ್ಲೇ ಬಿಟ್ಟು ಬಂದಿದ್ದೆ. ಅಂದರೆ ನನ್ನ ಹೆಸರನ್ನು ಆ ಮನೆಯಿಂದ ಹೊರಗೆ ಸಾಗಿಸಿದವಳು ನಾನೇ.

ಫೋನ್ ಇಡುವ ಮೊದಲು ಅಕ್ಕ ಹೇಳಿದಳು, "ಆ ಸೊಟ್ಟ ಮುಚ್ಚಳದ ಡಬ್ಬಿ ನಿನ್ನ ಹತ್ರ ಇದೆ ಅಂತ ಗೊತ್ತು ಬಿಡು."

ವಿಚಾರಿಸಿದಾಗ ಪ್ರತಿಸಲವೂ ಹೀಗೆ ಬುಡಮೇಲಾಗುತ್ತದೆ ಎಂದೇನಿಲ್ಲ. ಕೆಲವೊಮ್ಮೆ ನಿಮ್ಮ ನೆನಪೇ ಸರಿಯಿರುತ್ತದೆ, ಅನ್ಯಾಯವೂ ನಿಜವಾಗಿಯೇ ಆಗಿರುತ್ತದೆ. ಆಗ ಅದನ್ನು ಗಟ್ಟಿ ದನಿಯಲ್ಲಿ ಬರೆಯುವ ಧೈರ್ಯ ಬರುತ್ತದೆ. ಕೇಳಲು ಯಾರೂ ಉಳಿದಿಲ್ಲದಿದ್ದರೆ "ಕೇಳಲು ಯಾರೂ ಇಲ್ಲ" ಎಂಬುದೂ ಪ್ರಬಂಧದೊಳಗೆ ಬರಲಿ.

7. ಜೋಡಿಸಿ, ಎರಡೂ ತುದಿ ಕತ್ತರಿಸಿ

ತಪ್ಪು ಎಂದು ಗೊತ್ತಾದ ಪುಟಗಳನ್ನು ಹರಿಯಬೇಡಿ. ನನ್ನ ಎರಡು ಪುಟದ ದೂರು ಪ್ರಬಂಧದಲ್ಲಿ ಹಾಗೇ ಇದೆ, ಅಕ್ಕನ ಫೋನ್ ಅದರ ನಂತರ ಬರುತ್ತದೆ. ಯಾವ ಕ್ರಮದಲ್ಲಿ ನಿಮಗೆ ಗೊತ್ತಾಯಿತೋ ಅದೇ ಕ್ರಮದಲ್ಲಿ ಓದುವವರಿಗೂ ಗೊತ್ತಾಗಲಿ. ಕೊನೆಗೆ ಗೊತ್ತಾದದ್ದನ್ನು ಮೊದಲ ಸಾಲಿನಲ್ಲೇ ಹೇಳಿ ಜಾಣರಾಗಬೇಡಿ.

ಜೋಡಿಸಿದ ಮೇಲೆ ಮೊದಲ ಪ್ಯಾರಾ ಮುಚ್ಚಿ ಓದಿ. ನಮ್ಮ ಗುಂಪಿನಲ್ಲಿ ಬಹುಪಾಲು ಪ್ರಬಂಧಗಳು ಎರಡನೇ ಪ್ಯಾರಾದಿಂದಲೇ ಚೆನ್ನಾಗಿ ಶುರುವಾಗುತ್ತವೆ. ಕೊನೆಯ ಪ್ಯಾರಾವನ್ನೂ ಹಾಗೇ ಮುಚ್ಚಿ. ಅಲ್ಲಿ "ಬದುಕು", "ಪಾಠ", "ಕಾಲವೇ ಉತ್ತರ", ಗಾದೆಮಾತು ಏನಾದರೂ ಇದ್ದರೆ ಅದು ಶಾಲೆಯ ಉಪಸಂಹಾರವೇ ವೇಷ ಹಾಕಿಕೊಂಡು ಬಂದದ್ದು. ತೆಗೆದರೆ ಏನೂ ಕಡಿಮೆಯಾಗುವುದಿಲ್ಲ. 1000 ಪದದ ಆಸುಪಾಸು ನಿಂತರೆ ಸಾಕು.

8. ಗಟ್ಟಿಯಾಗಿ ಓದಿ, ಆಮೇಲೆ ಟೈಪ್ ಮಾಡಿ

ಬಾಗಿಲು ಹಾಕಿಕೊಂಡು ಓದಿ. ನೀವು ಓಡಿಸಿಕೊಂಡು ಹೋಗುವ ಜಾಗದಲ್ಲಿ ಇನ್ನೂ ಏನೋ ಮುಚ್ಚಿಟ್ಟಿದ್ದೀರಿ. ದನಿ ಭಾಷಣದಂತಾಗುವ ಜಾಗದಲ್ಲಿ ಬೇರೆಯವರ ಮಾತು ಸೇರಿಕೊಂಡಿದೆ. ಎರಡಕ್ಕೂ ಗುರುತು ಹಾಕಿ ತಿದ್ದಿ.

ಟೈಪ್ ಮಾಡುವಾಗ ಯೂನಿಕೋಡ್ ಇರಲಿ. ನುಡಿ, ಬರಹದ ಹಳೇ ಫಾಂಟಿನಲ್ಲಿ ಮಾಡಿದರೆ ಇನ್ನೊಬ್ಬರ ಫೋನಿನಲ್ಲಿ ಅಕ್ಷರ ಚಿತ್ರಾನ್ನವಾಗುತ್ತದೆ.

ಯಾವಾಗ ನಿಲ್ಲಿಸಬೇಕು

ಮನಸ್ಸು ಭಾರವಾಗುವುದು ಬೇರೆ, ಮುಳುಗುವುದು ಬೇರೆ. ನಾಲ್ಕೂ ದಿನದ ಪುಟಗಳಲ್ಲಿ ಅದೇ ಘಟನೆ ಅದೇ ಪದಗಳಲ್ಲಿ ಸುತ್ತುತ್ತಿದ್ದರೆ ಅದು ಬರವಣಿಗೆಯಲ್ಲ, ಗಾಯ ಕೆರೆಯುವುದು. ಪೆನ್ನೆಬೇಕರ್ ತಂಡ ಇಂಥ ಬರಹಗಳ ಪದಗಳನ್ನು ಎಣಿಸಿ ನೋಡಿದಾಗ, ದಿನ ಕಳೆದಂತೆ "ಯಾಕೆಂದರೆ", "ಈಗ ಗೊತ್ತಾಗುತ್ತಿದೆ" ಎಂಬ ಬಗೆಯ ಮಾತು ಹೆಚ್ಚಾದವರಿಗೆ ಹೆಚ್ಚು ಉಪಯೋಗವಾಗಿತ್ತು. ನಿಮ್ಮ ಪುಟದಲ್ಲೂ ಅದನ್ನೇ ಹುಡುಕಿ. ಬರುತ್ತಿಲ್ಲವೆಂದರೆ ಆ ವಸ್ತುವನ್ನು ಬದಿಗಿಟ್ಟು ಬೇರೆ ಆರಿಸಿ.

ಬರೆದ ಮೇಲೆ ಹಲವು ರಾತ್ರಿ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬರೆಯುತ್ತಿರುವಾಗ ಆ ಘಟನೆ ಮತ್ತೆ ಈಗಲೇ ನಡೆಯುತ್ತಿದೆ ಎಂಬಂತೆ ಮೈ ನಡುಗಿದರೆ ಪೆನ್ನು ಕೆಳಗಿಡಿ. ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, ಮನೆಯವರಿಗೋ ಹತ್ತಿರದ ಡಾಕ್ಟರಿಗೋ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

9. ತೋರಿಸುವುದಾದರೆ ಯಾರಿಗೆ, ಹೇಗೆ

ತೋರಿಸಲೇಬೇಕೆಂದಿಲ್ಲ. ತೋರಿಸುವುದಾದರೆ ಕಡೇ ಪಕ್ಷ ಒಂದು ವಾರ ಬಿಟ್ಟು ತೋರಿಸಿ. ಬರೆದ ರಾತ್ರಿಯೇ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿ, ಬೆಳಿಗ್ಗೆ ಎಲ್ಲರ ಹತ್ತಿರ ಕ್ಷಮೆ ಕೇಳಿದವರನ್ನು ನೋಡಿದ್ದೇನೆ. ಪ್ರಬಂಧದಲ್ಲಿ ಬರುವವರು ಬದುಕಿದ್ದರೆ ಮೊದಲು ಅವರೇ ಓದಲಿ. ಅವರ ಕಾಯಿಲೆ, ಸಾಲ, ಮದುವೆಯ ವಿಚಾರ ನಿಮ್ಮ ಕಥೆಗೆ ಬೇಕೇಬೇಕು ಅನ್ನುವಷ್ಟಿಲ್ಲದಿದ್ದರೆ ತೆಗೆಯಿರಿ. ಹೆಸರು ಬದಲಿಸಿದರೆ ಸಾಲದು. ನೆಂಟರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ.

ಮತ್ತೆ, "ಹೇಗಿದೆ?" ಎಂದು ಕೇಳಬೇಡಿ. "ಚೆನ್ನಾಗಿದೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ಏನು ಬಿಟ್ಟಿದ್ದೀನಿ?" ಎಂದು ಕೇಳಿ.

ನಾನು ಅಕ್ಕನನ್ನು ಹಾಗೇ ಕೇಳಿದೆ. ಅವಳು ಕನ್ನಡಕ ತೆಗೆದು, "ಡಬ್ಬಿ ಕದ್ದದ್ದು ಬರ್ದಿದ್ದೀಯ, ಅತ್ತಿದ್ದು ಬರ್ದಿದ್ದೀಯ. ಅದ್ರೊಳಗೆ ಈಗ ಏನು ಹಾಕಿಟ್ಟಿದ್ದೀಯ ಅಂತಲೇ ಬರ್ದಿಲ್ಲವಲ್ಲ" ಎಂದಳು.

ಬಾಂಬೆ ರವೆ. ಎಡಗಡೆ ಪುಟದಲ್ಲಿ ಬರೆದುಕೊಂಡೆ.